ತಿಕ್ಕಿ ತೊಳೆದ ನಾಣ್ಯ

ತಮ್ಮನಿಗೆ ಅಕ್ಕ ಮಾಡುವ ಆಶೀರ್ವಾದ.

ಇವತ್ತು ಉಪವಾಸ. ನೆಲ ಒರೆಸಿ, ಬಟ್ಟೆ ಒಗೆದು, ದೇವರಿಗೆ ದೀಪ ಹಚ್ಚಿ ಬರೆಯಲು ಕೂತಿದ್ದೇನೆ. ಹೊಟ್ಟೆ ಖಾಲಿ, ಮನಸ್ಸು ಮಾತ್ರ ತುಂಬಿದೆ.

ಎರಡು ವರ್ಷದ ಹಿಂದೆ ದೇವರ ದೀಪದ ಜೊತೆ ನೀನು ನನ್ನ ಹತ್ತಿರ ಇಟ್ಟಿದ್ದ ನಿನ್ನ ಬೆಳ್ಳಿ ನಾಣ್ಯವನ್ನೂ ಬೂದಿ ಹಾಕಿ ತಿಕ್ಕಿದೆ. ಹೊಳೆದರೆ ನಿನಗೆ ಖುಷಿಯಾದೀತು ಅಂದುಕೊಂಡಿದ್ದೆ. ನಿನ್ನ ಹಾಗೆ ನಾಣ್ಯ ಸಂಗ್ರಹ ಮಾಡುವವರು ತಿಕ್ಕಿದ ನಾಣ್ಯವನ್ನು ಮೂಸಿಯೂ ನೋಡುವುದಿಲ್ಲ ಎಂದು ನನಗೇನು ಗೊತ್ತು? ಅವತ್ತಿನಿಂದ ನೀನು ನನ್ನ ಹೊಸ್ತಿಲು ತುಳಿದಿಲ್ಲ.

ಪದಕ ಗೆದ್ದ ನೆನಪಿಗೆ ಆ ನಾಣ್ಯದ ಮೇಲೆ ಮುಖ ಅಚ್ಚಾಗಿರುವ ಓಟಗಾರ್ತಿ, ಕಾಲು ಮುರಿದುಕೊಂಡು ನಾನು ಆಯಾ ಆಗಿರುವ ವಾರ್ಡಿಗೇ ಬಂದಳು! ಹಾಸಿಗೆ ಬದಲಿಸುವಾಗ ತಡೆಯಲಾರದೆ ಹೇಳಿಬಿಟ್ಟೆ: "ತಾಯೀ, ನಿಮ್ಮ ಮುಖಾನ ಬೂದಿ ಹಾಕಿ ತಿಕ್ಬಿಟ್ಟೆ. ತಮ್ಮ ಮಾತು ಬಿಟ್ಟಿದ್ದಾನೆ." ಆಕೆ ಮಂಚ ಅಲುಗುವ ಹಾಗೆ ನಕ್ಕು, ಒಂದು ಕಾರ್ಡು ಕೇಳಿ ಬರೆದಳು: "ನನ್ನ ಮುಖವನ್ನು ಇಷ್ಟು ಚೆನ್ನಾಗಿ ತಿಕ್ಕಿ ತೊಳೆದವರು, ನಮ್ಮಮ್ಮನನ್ನು ಬಿಟ್ಟರೆ ಈ ಅಕ್ಕ ಒಬ್ಬರೇ." ಕೆಳಗೆ ಸಹಿ, ತಾರೀಖು.

ನಿನ್ನ ನಾಣ್ಯದಂಗಡಿಯವರಿಗೆ ತೋರಿಸಿದೆ. ಎರಡು ಸಲ ಕನ್ನಡಕ ಒರೆಸಿಕೊಂಡರು. "ಇವರ ಬರೀ ಸಹಿ ಇರೋ ಕಾರ್ಡು ಬೇಕಾದಷ್ಟಿವೆ. ಇಂಥದ್ದು ಇದೊಂದೇ. ಆ ತಿಕ್ಕಿದ ನಾಣ್ಯದ ಜೊತೆಗೇ ಇಡಿ, ಬೇರೆ ಮಾಡ್ಬೇಡಿ" ಅಂದರು. ನಾನು ತಿಕ್ಕಿದ್ದಕ್ಕೇ ಬೆಲೆ ಬಂತು, ತಿಳಿಯಿತಾ?

ಕಾರ್ಡು ದೇವರ ಗೂಡಿನಲ್ಲಿದೆ. ಯಾರ ಕೈಯಲ್ಲೂ ಕಳಿಸುವುದಿಲ್ಲ. ಈ ಪತ್ರ ತಂದ ನಿನ್ನ ಭಾವನಿಗೆ ಉತ್ತರ ತೆಗೆದುಕೊಂಡೇ ಬನ್ನಿ ಎಂದಿದ್ದೇನೆ. ಕಾಗದ ಹುಡುಕಬೇಡ. ನಾಣ್ಯ ಜೇಬಿಗೆ ಹಾಕಿ, ಚಪ್ಪಲಿ ಮೆಟ್ಟಿ ಅವರ ಜೊತೆ ಹೊರಡು. ಅವರು ತರಬೇಕಾದ ಉತ್ತರ ನೀನೇ.

ಬೂದಿ ಕೈಯ ನಿನ್ನ ಅಕ್ಕ