ಮೂರನೇ ನಿಮಿಷದ ಚಿತ್ರ

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ, ನಿನ್ನ ಪುಟ್ಟಿಯ ನಮಸ್ಕಾರ.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಕೆಲಸ ಜಾಸ್ತಿ ಅಂತ ಬರೆದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ನಾಲ್ಕು ಸಲ ಬರೆಯಲು ಕೂತು ಹಾಳೆ ಹರಿದು ಹಾಕಿದೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿ.

ಭಾವ ಈಗ ಎರಡು ತುತ್ತು ಹೆಚ್ಚು ಉಣ್ಣುತ್ತಾರೆಂದು ತಿಳಿದು ಸಮಾಧಾನವಾಯಿತು. ಜೀವಮಾನದಲ್ಲಿ ಒಂದು ಹನಿ ಕುಡಿಯದ ಮನುಷ್ಯನ ಲಿವರ್ ಹಳೆಯ ಕಾಮಾಲೆಯಿಂದ ಕಲ್ಲಾಯಿತಲ್ಲ, ನೆನೆದರೆ ಹೊಟ್ಟೆ ಉರಿಯುತ್ತದೆ. "ಕುಡಿದಿದ್ರೆ ಆ ಖುಷಿನಾದ್ರೂ ಸಿಗ್ತಿತ್ತು" ಅಂತ ಅವರೇ ನಗುತ್ತಾರೆ.

ಈ ಕ್ಯಾನ್ಸರ್ ಗಡ್ಡೆ ಆರು ತಿಂಗಳ ಹಿಂದಿನ ಸ್ಕ್ಯಾನಿನಲ್ಲೇ ಯಾಕೆ ಸಿಗಲಿಲ್ಲ, ಆ ಡಾಕ್ಟರ ಮೇಲೆ ದೂರು ಕೊಡುತ್ತೇನೆ ಅಂದಿದ್ದೀಯ. ಸಿಕ್ಕಿತ್ತು ಅಕ್ಕ, ದ್ರಾಕ್ಷಿಯಷ್ಟು. ಆದರೆ ಗಟ್ಟಿಯಾದ ಲಿವರಿನ ತುಂಬಾ ಗಂಟುಗಳೇ. ಹೆಚ್ಚಿನವು ಏನೂ ಮಾಡುವುದಿಲ್ಲ. ಕೆಟ್ಟದ್ದು ಯಾವುದೆಂದು ತಿಳಿಯಲು ನಮ್ಮ ಸ್ಕ್ಯಾನ್ ಕೋಣೆಯಲ್ಲಿ ರಕ್ತನಾಳಕ್ಕೆ ಔಷಧಿ ಬಿಟ್ಟು ಮೂರು ಸಲ ಚಿತ್ರ ತೆಗೆಯುತ್ತೇವೆ. ಕೆಟ್ಟ ಗಂಟು ಮೊದಲು ಬೆಳ್ಳಗೆ ಹೊಳೆದು, ಮೂರು ನಿಮಿಷದ ನಂತರದ ಮೂರನೇ ಚಿತ್ರದಲ್ಲಿ ಕಪ್ಪಾಗುತ್ತದೆ. ಭಾವನದು ಹೊಳೆದಿತ್ತು. ಡಾಕ್ಟರು "ಖಚಿತವಿಲ್ಲ, ಆರು ತಿಂಗಳಿಗೆ ಮತ್ತೆ ನೋಡೋಣ" ಎಂದು ಬರೆದರು. ಅಷ್ಟರಲ್ಲಿ ಅದು ರಕ್ತನಾಳಕ್ಕೂ ಹಬ್ಬಿ, ಆಪರೇಷನ್ನಿನ ಮಾತೇ ಇಲ್ಲವಾಯಿತು.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾವನ ಕಾಲು ಬಾತರೆ ಉಪ್ಪು ಇನ್ನೂ ಕಡಿಮೆ ಮಾಡು, ಅವರು ಗೊಣಗಲಿ. ನಿಮ್ಮಿಬ್ಬರಿಗೂ ಉಳಿದ ದಿನಗಳು ನೋವಿಲ್ಲದೆ ಕಳೆಯಲಿ ಎಂದು ದೇವರಲ್ಲಿ ಕೇಳಿಕೊಳ್ಳುತ್ತೇನೆ.

ಇಂತಿ ನಿನ್ನ,
ಪುಟ್ಟಿ

ಮತ್ತೊಂದು ಮಾತು: ದೂರು ಕೊಡಬೇಡ ಅಕ್ಕ. ಡಾಕ್ಟರಿಗೆ ಆ ಮೂರನೇ ಚಿತ್ರ ಸಿಗಲೇ ಇಲ್ಲ. ಅವತ್ತು ಯಂತ್ರ ನಡೆಸಿದವಳು ನಾನು. ಎರಡನೇ ಚಿತ್ರ ಮುಗಿದಾಗ ಭಾವ ಬೆವೆತು, "ವಾಂತಿ ಬರೋ ಹಾಗಿದೆ, ಸಾಕು ಬಿಡು ಪುಟ್ಟಿ" ಅಂದರು. ಬೇರೆ ಯಾರೇ ಆಗಿದ್ದರೂ ಗದರಿಸಿ ಮಲಗಿಸುತ್ತಿದ್ದೆ. ಭಾವನನ್ನು ಗದರಲು ಬಾಯಿ ಬರಲಿಲ್ಲ, ಕೈಹಿಡಿದು ಇಳಿಸಿದೆ. ಫಾರಂನಲ್ಲಿ "ರೋಗಿ ಸಹಕರಿಸಲಿಲ್ಲ" ಎಂದು ಬರೆದೆ. ಮರುದಿನ ಮತ್ತೆ ಕರೆಸಬಹುದಿತ್ತು, ಕರೆಸಲಿಲ್ಲ. ಆರು ತಿಂಗಳ ನಂತರದ ಸ್ಕ್ಯಾನಿನ ದಿನವೇ ಭಾವನಿಗೆ ಎಲ್ಲ ಹೇಳಿ ಅತ್ತುಬಿಟ್ಟೆ. "ನಿಮ್ಮಕ್ಕನಿಗೆ ಹೇಳ್ಬೇಡ, ನಾನು ಹೋದ್ಮೇಲೆ ಅವಳಿಗೆ ಅಂತ ಇರೋಳು ನೀನೊಬ್ಬಳೇ" ಅಂದರು. ಆ ಮಾತು ನಡೆಸಿಕೊಡಲು ನನ್ನಿಂದ ಆಗಲಿಲ್ಲ.