ರೊಟ್ಟಿ ತಟ್ಟಿ ನಡೆದ ಏಳು ಸಾವಿರ ಹೆಜ್ಜೆ

ಜೂನ್ 3, ಮಂಗಳವಾರ. ಸಂಜೆ 7

ಇವತ್ತು 1,912 ಹೆಜ್ಜೆ. ಅದರಲ್ಲಿ ಮುನ್ನೂರು ಗೋಪಾಳದ ಸಿಟಿ ಬಸ್ಸಿನ ಕುಲುಕಾಟದ್ದು. ಈ ಸ್ಮಾರ್ಟ್‌ವಾಚ್ ನನ್ನ ಕೈಗೆ ಕಟ್ಟಿದವಳು ಮಗಳು ತನುಜಾ. ಹೆಜ್ಜೆ, ನಾಡಿ, ನಿದ್ದೆ — ಎಲ್ಲದರ ವರದಿ ಭದ್ರಾವತಿಯಲ್ಲಿರುವ ಅವಳ ಮೊಬೈಲಿಗೆ. ಕೂಡಲೇ ಫೋನು.

"ಅಪ್ಪಾಜಿ, ಶುಗರ್ ಇನ್ನೂರ ನಲ್ವತ್ತಿದೆ. ದಿನಾ ಏಳು ಸಾವಿರ ಆಗ್ಲಿಲ್ಲ ಅಂದ್ರೆ ಕುಂಸಿಲಿ ಅತ್ತೆ ಮಗ ಮಧು ಗೃಹಪ್ರವೇಶಕ್ಕೆ ನಿಮ್ಗೆ ಹೋಳಿಗೆ ಇಲ್ಲ. ಪಕ್ಕದಲ್ಲೇ ಕೂರ್ತೀನಿ."

ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನಿಗೆ ಈ ಗತಿ! ನಿಜ... ಮಕ್ಕಳನ್ನು ಓಡಿಸಿದೆನೇ ಹೊರತು ನಾನು ಓಡಿದ್ದಿಲ್ಲ.

ಜೂನ್ 5, ಗುರುವಾರ

ಸ್ನಾನಕ್ಕೆ ಹೋಗುವಾಗ ವಾಚನ್ನು ಹೆಂಡತಿ ಕಲ್ಲಮ್ಮನ ಬಲಗೈಗೆ ಕಟ್ಟಿದ್ದೆ. ಜೋಳದ ರೊಟ್ಟಿ ತಟ್ಟುತ್ತಿದ್ದಳು. ಬಂದು ನೋಡಿದರೆ ಎಂಟು ರೊಟ್ಟಿಗೆ 812 ಹೆಜ್ಜೆ! ತಟ್ಟಿದ್ದನ್ನೆಲ್ಲ ನಡಿಗೆ ಎಂದುಕೊಂಡಿದೆ. ಶಿವನೇ, ಎಂಥ ಜಾಣ ವಾಚು.

"ರೀ, ನಿಮ್ ವಾಕಿಂಗೂ ನಾನೇ ಮಾಡ್ಬೇಕಾ?" ಅಂದಳು.

ಜೂನ್ 11, ಬುಧವಾರ

ಗೃಹಪ್ರವೇಶಕ್ಕೆ ಒಣರೊಟ್ಟಿ ನಮ್ಮದು ಎಂದು ಮಧುವಿಗೆ ಮಾತು ಕೊಟ್ಟಿದ್ದೇನೆ. ದಿನಕ್ಕೆ ಎಪ್ಪತ್ತು. ಇವತ್ತು 7,340! ತನುಜಾಳಿಂದ ಚಪ್ಪಾಳೆ ಎಮೋಜಿ. ಆರಾಮ ಕುರ್ಚಿಯಲ್ಲೇ ಸ್ವೀಕರಿಸಿದೆ.

ಜೂನ್ 14, ಶನಿವಾರ. ಬೆಳಿಗ್ಗೆ 10

"ಅಪ್ಪಾಜಿ, ಮೂರು ದಿನದಿಂದ ಬೆಳಿಗ್ಗೆ ಹೊತ್ತು ನಿಮ್ ಹಾರ್ಟ್ ರೇಟ್ ನೂರ ನಲ್ವತ್ತು ದಾಟ್ತಿದೆ. ಇವತ್ತೇ ಇಸಿಜಿ ಮಾಡ್ಸೋಣ. ಬರ್ತಿದ್ದೀನಿ."

"ಗುಂಡುಕಲ್ಲಿನ ಹಾಗಿದ್ದೀನಿ ಮಾರಾಯ್ತಿ!" ಎಂದು ನಕ್ಕೆ.

ಫೋನಿಟ್ಟ ಮೇಲೆ ನಗು ನಿಂತಿತು. ಬೆಳಿಗ್ಗೆ ವಾಚು ಇರುವುದು ಕಲ್ಲಮ್ಮನ ಕೈಯಲ್ಲಿ.

ಅಡುಗೆಮನೆಗೆ ಓಡಿದೆ. ಎರಡು ರೊಟ್ಟಿ ತಟ್ಟುವಳು, ಗೋಡೆಗೆ ಒರಗುವಳು, ಮತ್ತೆ ತಟ್ಟುವಳು.

"ಏನಾಗ್ತಿದೆ ನಿಂಗೆ?"

"ಸ್ವಲ್ಪ ಸುಸ್ತು, ಅಷ್ಟೇ. ನಿಮ್ದಿನ್ನೂ ಮೂರು ಸಾವಿರ ಬಾಕಿ ಇದೆ, ಸುಮ್ನಿರಿ."

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಭಯ. ಆಟೊ ಕರೆದೆ.

ಮಧ್ಯಾಹ್ನ 12.40. ಆಸ್ಪತ್ರೆ

ತನುಜಾಳ ಮುಂದೆ ಎಲ್ಲ ಒಪ್ಪಿಕೊಂಡೆ. ಚೆನ್ನಾಗಿ ಬೈದಳು. ಬೈಯಲಿ. ತಾಯಿ ಜೊತೆ ಒಳಗಿದ್ದಾಳೆ. ನರ್ಸ್ ವಾಚು ಬಿಚ್ಚಿ ನನಗೆ ಕೊಟ್ಟರು, ಕಟ್ಟಿಕೊಂಡೆ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ... ಈಗ ವಾಚು ನಡುಗಿ ಪರದೆಯಲ್ಲಿ ಪಟಾಕಿ ಹಾರಿಸಿತು. ಏಳು ಸಾವಿರ! ನಾಲ್ಕು ಅವಳದ್ದು, ಮೂರು ನನ್ನದು. ನಿಜವಾಗಿ ನಡೆದದ್ದು.

ಹೋಳಿಗೆ ಬೇಡ ಶಿವನೇ. ಅವಳು...

ಬಾಗಿಲು ತೆರೆಯಿತು. ತನುಜಾ ಕೈಬೀಸಿ ಕರೆಯುತ್ತಿದ್ದಾಳೆ. ನಗುತ್ತಿದ್ದಾಳೆ ಅನಿಸು—