ಮೂಲೆಯಲ್ಲೊಂದು ಸುಟ್ಟ ಇಟ್ಟಿಗೆ

ಪ್ರೀತಿಯ ಅಪ್ಪಾ,

ಅತ್ತೆಯ ಮನೆಯಲ್ಲಿ ಆರಾಮಾಗಿದ್ದೀಯೆಂದು ಅಮ್ಮ ಹೇಳಿದಳು. ಇಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಮಹಡಿಯ ಮೇಲೆ ನಿಮ್ಮಿಬ್ಬರಿಗೆಂದು ಕಟ್ಟಿಸುತ್ತಿರುವ ಕೋಣೆಯ ಗೋಡೆ ಎದ್ದಿದೆ. ಕೆಳಗಿನ ಹಳೇ ಗೋಡೆಗಳು ಮಣ್ಣಿನ ಇಟ್ಟಿಗೆಯ ಭಾರ ತಾಳುವುದಿಲ್ಲ ಎಂದವನು ನೀನೇ. ಅದಕ್ಕೇ ನಾನು ಇಟ್ಟಿಗೆ ಮಾಡುವ ಶೆಡ್ಡಿನಲ್ಲಿ ಹಳೇ ಪ್ಲಾಸ್ಟಿಕ್ ಕರಗಿಸಿ, ಬೆಂಕಿ ತಡೆಯುವ ಪುಡಿ ಬೆರೆಸಿ ಒತ್ತಿದ ಹಗುರ ಇಟ್ಟಿಗೆ ಹಾಕಿಸಿದೆ. ನೀನು ನೋಡಿ, "ಕಸದ ಗೋಡೆ! ಒಂದು ಕಿಡಿ ಬಿದ್ರೆ ಮುಗೀತು. ನಾನಂತೂ ಇಲ್ಲಿ ಮಲಗಲ್ಲ" ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟೆ. ಜೀವಮಾನವೆಲ್ಲ ಗಾರೆ ಕೆಲಸ ಮಾಡಿದವನ ಮಾತು, ತಲೆಯಿಂದ ಹೋಗಲೇ ಇಲ್ಲ. ಕಡ್ಡಿ ಗೀರುವುದು, ಗೋಡೆಯ ಹತ್ತಿರ ಒಯ್ಯುವುದು, ಊದಿ ಆರಿಸುವುದು, ಇದೇ ಆಯಿತು ನನ್ನ ಪಾಡು. ನಾನೇ ಮಾಡಿದ ಇಟ್ಟಿಗೆಗೆ ಬೆಂಕಿ ತಾಗಿಸಲು ಧೈರ್ಯ ಬರಲಿಲ್ಲ.

ಇವತ್ತು ಮೂಲೆಯ ಇಟ್ಟಿಗೆಯೊಂದರ ಮೇಲೆ ಕಪ್ಪಗೆ ಸುಟ್ಟ ಗುರುತು ಕಂಡಿತು. ಯಾರ ಕಿತಾಪತಿ ಇದು ಎಂದು ಮೈಯೆಲ್ಲ ಉರಿಯಿತು. ಬಗ್ಗಿ ನೋಡಿದರೆ ನೆಲದಲ್ಲಿ ಬೆಂಕಿಕಡ್ಡಿಗಳು, ಎಲ್ಲವೂ ಎರಡೆರಡು ತುಂಡು. ಆರಿದ ಕಡ್ಡಿಯನ್ನೂ ನಂಬದೆ ಮುರಿದೇ ಎಸೆಯುವ ಮನುಷ್ಯ ನನಗೆ ಗೊತ್ತಿರುವಂತೆ ಒಬ್ಬನೇ. ಅಮ್ಮನನ್ನು ಕೇಳಿದೆ. ಕೇಳಿಸದವಳಂತೆ ಒಳಗೆ ಹೋದಳು.

ಗೋಡೆಗೆ ಗಾರೆ ಮೆತ್ತಲು ಗಿಲಾವಿನವರು ಬಂದಿದ್ದಾರೆ. ಆ ಮೂಲೆಯನ್ನು ಮುಟ್ಟಬೇಡಿ ಎಂದಿದ್ದೇನೆ. ಅದು ನಿನ್ನ ಕೆಲಸ. ಬರುವಾಗ ಗಾರೆ ಮೆತ್ತುವ ನಿನ್ನ ಕರಣೆ ತಾ. ಬೆಂಕಿಪೊಟ್ಟಣ ಬೇಡ. ಹತ್ತುವುದಿದ್ದರೆ ನೀನು ಕದ್ದು ಬಂದು ಕಡ್ಡಿ ಹಿಡಿದ ಅವತ್ತೇ ಹತ್ತುತ್ತಿತ್ತು.

ನಿನ್ನ ಹಠವೇ ಬಂದಿರುವ
ಮಗಳು